ಟರೆಟ್ ತಿರುಗಿಸುವ ಮೊದಲು

ರೈಫಲ್ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಹೊಂದಿಸುವ ಬಗೆಗಿನ ಲೇಖನವೊಂದು, ಗುಂಡು ಗುರಿ ತಪ್ಪಿದೊಡನೆ ಟರೆಟ್, ಅಂದರೆ ಸ್ಕೋಪಿನ ಮೇಲಿನ ಹೊಂದಾಣಿಕೆ ಗುಂಡಿ, ತಿರುಗಿಸಿ ಎನ್ನುತ್ತದೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದೇ ಗುಂಡನ್ನು ನಂಬಿ ಸ್ಕೋಪ್ ಹೊಂದಿಸಹೊರಟರೆ ಮದ್ದುಗುಂಡು ಖರ್ಚಾಗುತ್ತದೆ, ಕೆಲಸ ಆಗುವುದಿಲ್ಲ. ಆಸರೆಯ ಮೇಲೆ ರೈಫಲ್ ಇಟ್ಟು ಕನಿಷ್ಠ ಮೂರು ಗುಂಡು ಹಾರಿಸಿ, ಆ ಗುಂಪಿನ ನಡುಬಿಂದುವಿನಿಂದ ಗುರಿಗಿರುವ ಅಂತರವನ್ನು ಅಳೆಯಬೇಕು.

ದೂರದ ಲೆಕ್ಕವನ್ನು ಲೇಖನ ಮುಟ್ಟಿಯೇ ಇಲ್ಲ. ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಸ್ಕೋಪಿನ ಒಂದು ಕ್ಲಿಕ್, ಅಂದರೆ ಟರೆಟ್ಟಿನ ಒಂದು ಹೆಜ್ಜೆಯ ತಿರುವು, 100 ಮೀಟರಿನಲ್ಲಿ ಗುಂಡನ್ನು ಸುಮಾರು 7 ಮಿಲಿಮೀಟರ್ ಸರಿಸುತ್ತದೆ. 25 ಮೀಟರಿನಲ್ಲಿ ಎರಡು ಮಿಲಿಮೀಟರಿಗೂ ಕಡಿಮೆ. ಹಾಗಾಗಿ 29 ಮಿಲಿಮೀಟರ್ ತಪ್ಪಿದ್ದರೆ 100 ಮೀಟರಿನಲ್ಲಿ ನಾಲ್ಕು ಕ್ಲಿಕ್ ಸಾಕು, 25 ಮೀಟರಿನಲ್ಲಿ ಹದಿನಾರು ಬೇಕು. ಹೊಸಬರು ಎಡವುವುದು ಈ ಲೆಕ್ಕದಲ್ಲಿಯೇ.

ಪ್ಯಾರಲಾಕ್ಸನ್ನೂ, ಅಂದರೆ ಕಣ್ಣು ಸರಿದಾಗ ಸ್ಕೋಪಿನೊಳಗಿನ ಅಡ್ಡಗೆರೆ ಗುರಿಯ ಮೇಲೆ ಸರಿದಂತೆ ಕಾಣುವ ದೋಷವನ್ನೂ, ದಯವಿಟ್ಟು ಲೇಖನಕ್ಕೆ ಸೇರಿಸಿ. ರೈಫಲ್ ಅಲುಗಾಡದಂತಿಟ್ಟು ತಲೆಯನ್ನಷ್ಟೇ ಸರಿಸಿದಾಗ ಅಡ್ಡಗೆರೆ ಗುರಿಯ ಮೇಲೆ ಜಾರಿದರೆ, ಟರೆಟ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.