ಹೋಂಸ್ಟೇಗೆ ವಾಷಿಂಗ್ ಮೆಷಿನ್ ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ

ನಮ್ಮ ಹೋಂಸ್ಟೇಯ ಹಳೆಯ, ಒಗೆಯಲು ಒಂದು ಹಿಂಡಲು ಒಂದು ಟಬ್ಬಿರುವ ಸೆಮಿ ಆಟೊಮ್ಯಾಟಿಕ್ ಮೆಷಿನ್ನನ್ನು ಬದಲಾಯಿಸಿದ ಸುದ್ದಿ ತಿಳಿದ ಮೇಲೆ, ಮೂಡಿಗೆರೆ, ಕಳಸ, ಕೊಪ್ಪದ ಕಡೆ ಇದೇ ಕಸುಬು ಮಾಡುವ ಹಲವು ಸ್ನೇಹಿತರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ಯಾವ ಕಂಪನಿಯದು ತಗೊಂಡಿರಿ? ನನ್ನ ದೃಷ್ಟಿಯಲ್ಲಿ ಅದು ಮೂರನೆಯ ಪ್ರಶ್ನೆ. ಜುಲೈ ತಿಂಗಳಲ್ಲಿ ಬೆಡ್‌ಶೀಟು ಎಲ್ಲಿ, ಹೇಗೆ ಒಣಗುತ್ತದೆ ಎಂಬುದು ಮೊದಲನೆಯದು. ಮೆಷಿನ್ ಕೆಟ್ಟು ನಿಂತಾಗ ನಮ್ಮ ಘಟ್ಟದ ದಾರಿ ಹತ್ತಿ ಬರುವವರು ಯಾರು ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಕಂಪನಿಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ.

ಮೊದಲು ತೂಕದ ಲೆಕ್ಕ ಹಾಕಿಕೊಳ್ಳೋಣ, ಏಕೆಂದರೆ ಅಂಗಡಿಯವರು ತೂಕದಿಂದಲೇ ಮಾತು ಶುರು ಮಾಡುತ್ತಾರೆ. ತೊಂಬತ್ತು ಇಂಚು ಅಗಲ, ನೂರು ಇಂಚು ಉದ್ದದ ಒಂದು ಡಬಲ್ ಹತ್ತಿ ಬೆಡ್‌ಶೀಟು ಸುಮಾರು 800 ಗ್ರಾಂ ತೂಗುತ್ತದೆ. ಒಳ್ಳೆಯ ಸ್ನಾನದ ಟವೆಲ್ಲು 450 ಗ್ರಾಮಿನ ಆಸುಪಾಸು. ಎರಡು ಟವೆಲ್ಲು, ದಿಂಬಿನ ಕವರುಗಳು, ಕಿಲೋಗೆ ಸಮೀಪದ ಒಂದು ರಜಾಯಿ ಕವರು ಸೇರಿದರೆ ಒಂದು ಕೋಣೆಯಿಂದ ಮೂರು ಕಿಲೋ ಬಟ್ಟೆ ಬರುತ್ತದೆ. ನಾಲ್ಕು ಕೋಣೆ ಭರ್ತಿಯಾಗಿದ್ದ ಭಾನುವಾರದ ಮಧ್ಯಾಹ್ನಕ್ಕೆ ಹನ್ನೆರಡು ಕಿಲೋ. ಎಂಟು ಕಿಲೋದ ಮೆಷಿನ್ ಎಂದರೆ ಎಂಟು ಕಿಲೋ ಒಣ ಹತ್ತಿ ಬಟ್ಟೆಯನ್ನು ಡ್ರಮ್ ತುಂಬ ಹಾಕಿದ ಲೆಕ್ಕ. ಬೆಡ್‌ಶೀಟಿನಂಥ ಅಗಲದ ಬಟ್ಟೆಯನ್ನು ಹಾಗೆ ತುಂಬಿದರೆ ಅದು ಉಂಡೆಗಟ್ಟಿ, ದಿಂಬಿನ ಕವರುಗಳನ್ನೆಲ್ಲ ತನ್ನೊಳಗೆ ಸುತ್ತಿಕೊಂಡು, ಹಿಂಡುವ ಹೊತ್ತಿಗೆ ಡ್ರಮ್ಮಿನ ತೂಕ ಒಂದು ಕಡೆಗೆ ವಾಲಿ ಮೆಷಿನ್ ತಾನೇ ನಿಂತುಬಿಡುತ್ತದೆ. ಆದ್ದರಿಂದ ಎಂಟು ಕಿಲೋ ಎಂದು ಬರೆದದ್ದನ್ನು ಆರು ಕಿಲೋ ಎಂದೇ ಓದಿಕೊಳ್ಳಬೇಕು. ನಮ್ಮಂಥ ನಾಲ್ಕು ಕೋಣೆಯ ಮನೆಗೆ ಎರಡು ಸಲ ಹಾಕಿದರೆ ಮುಗಿಯಿತು. ಇದಕ್ಕಾಗಿ ಹನ್ನೆರಡು ಕಿಲೋದ ಮೆಷಿನ್ ತಂದು ಉಳಿದ ದಿನಗಳಲ್ಲಿ ಅರ್ಧ ಖಾಲಿ ತಿರುಗಿಸುವುದು ನನಗೆ ಸರಿಕಾಣಲಿಲ್ಲ.

ನಿಜವಾದ ಸಮಸ್ಯೆ ಒಗೆದ ಮೇಲೆ ಆರಂಭವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆಂದು ಶಾಲೆಯಲ್ಲೇ ಓದಿದ್ದೇವೆ; ನಮ್ಮ ಕಡೆ ಅಷ್ಟಿಲ್ಲದಿದ್ದರೂ ಆರಿದ್ರಾ ಮಳೆ ಹಿಡಿದರೆ ತಂತಿಯ ಮೇಲೆ ಹಾಕಿದ ಬಟ್ಟೆ ಒಣಗುವ ಬದಲು ಮುಗ್ಗಲು ವಾಸನೆ ಹಿಡಿಯುವುದೇ ಹೆಚ್ಚು. ಪ್ರವಾಸಿಗರು ಬರುವುದೂ ಅದೇ ಮಳೆ ನೋಡಲು. ಒಂದು ಲೀಟರ್ ನೀರನ್ನು ಬಟ್ಟೆಯಿಂದ ಆವಿಯಾಗಿಸಿ ಓಡಿಸಲು, ಯಾವ ಉಪಕರಣವನ್ನು ಬಳಸಿದರೂ, ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ ಶಾಖ ಬೇಕು. ಅದು ನೀರಿನ ಸ್ವಭಾವ. ನಿಮಿಷಕ್ಕೆ 700 ಸುತ್ತು ತಿರುಗುವ, ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಮೆಷಿನ್ನಿನಿಂದ ಹೊರತೆಗೆದ ಆರು ಕಿಲೋ ಹತ್ತಿಯಲ್ಲಿ ನಾಲ್ಕು ಲೀಟರಿಗೂ ಹೆಚ್ಚು ನೀರು ಉಳಿದಿರುತ್ತದೆ. ಅದೇ ಬಟ್ಟೆಯನ್ನು 1,400 ಸುತ್ತಿನಲ್ಲಿ ಹಿಂಡಿದರೆ ಸುಮಾರು ಮೂರು ಲೀಟರು. ನಡುವಿನ ಒಂದು ಲೀಟರು ಚಿಲ್ಲರೆ ನೀರನ್ನು ಶಾಖದಿಂದ ಓಡಿಸಲು ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟು ಬೇಕಾದರೆ, ಹಿಂಡಿ ತೆಗೆಯಲು ಮೋಟಾರು ಬಳಸುವುದು ಅದರ ಹತ್ತನೇ ಒಂದು ಭಾಗವೂ ಅಲ್ಲ. ಹಾಗಾಗಿ ಮಲೆನಾಡಿನವರು ಕೊಳ್ಳಬೇಕಾದ್ದು ಚೆನ್ನಾಗಿ ಹಿಂಡುವ ಯಂತ್ರವನ್ನು. ಒಗೆಯುವುದನ್ನು ಇಂದಿನ ಮೆಷಿನ್ನುಗಳೆಲ್ಲ ತಕ್ಕಮಟ್ಟಿಗೆ ಮಾಡುತ್ತವೆ.

ಇಲ್ಲಿ ಹಳೆಯ ಸೆಮಿ ಆಟೊಮ್ಯಾಟಿಕ್ ಪರವಾಗಿ ಒಂದು ಮಾತು ಹೇಳಲೇಬೇಕು. ಡ್ರಮ್ಮಿನ ವೇಗ ಇಮ್ಮಡಿಯಾದರೆ ಹಿಂಡುವ ಬಲ ನಾಲ್ಕು ಪಟ್ಟಾಗುತ್ತದೆ. ಪಕ್ಕದ ಆ ಪುಟ್ಟ ಸ್ಪಿನ್ ಟಬ್ಬು ಅಗಲದಲ್ಲಿ ಚಿಕ್ಕದಾದರೂ 1,300 ಸುತ್ತಿನ ಆಸುಪಾಸು ತಿರುಗುವುದರಿಂದ, ಅದರ ಎರಡು ಮೂರು ಪಟ್ಟು ಬೆಲೆಯ ಸಾಮಾನ್ಯ ಟಾಪ್ ಲೋಡ್ ಮೆಷಿನ್ನಿಗಿಂತ ಅದು ಬಿಗಿಯಾಗಿ ಹಿಂಡುತ್ತದೆ. ಸೆಮಿಯಿಂದ ಟಾಪ್ ಲೋಡಿಗೆ ‘ಮೇಲೇರಿದ’ ಹಲವರು, ಮಳೆಗಾಲದಲ್ಲಿ ಬಟ್ಟೆ ಮೊದಲಿನಷ್ಟು ಬೇಗ ಒಣಗುವುದಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವುದಕ್ಕೆ ಕಾರಣ ಇದೇ.

ಹಾಗಿದ್ದೂ ಬದಲಾಯಿಸಿದ್ದೇಕೆ ಎಂದರೆ, ಕೊಳ್ಳುವವರು ನಾವು, ದಿನವೂ ಅದರ ಮುಂದೆ ನಿಲ್ಲುವವರು ಬೇರೆ. ನಮ್ಮಲ್ಲಿ ಕೋಣೆಗಳನ್ನು ನೋಡಿಕೊಳ್ಳುವ ಅಕ್ಕ ಒಂದು ದಿನ ಹೇಳಿದರು: ‘ಒಗೆಯೋದೇನು ಕಷ್ಟ ಅಲ್ಲ ಅಣ್ಣ, ಒದ್ದೆ ಶೀಟ್ ಈ ಕಡೆಯಿಂದ ಎತ್ತಿ ಆ ಕಡೆ ಹಾಕೋದ್ರಲ್ಲೇ ಸೊಂಟ ಹೋಗ್ತದೆ.’ ನೀರು ಕುಡಿದ ರಜಾಯಿ ಕವರನ್ನು ಬಗ್ಗಿ ಎತ್ತಿ, ಪಕ್ಕದ ಟಬ್ಬಿಗೆ ಮಡಚಿ ತುಂಬಿ, ಮೇಲಿನ ಪ್ಲಾಸ್ಟಿಕ್ ಬಿಲ್ಲೆ ಒತ್ತಿ, ಅದು ಗಡಗಡ ಅಂದರೆ ಮತ್ತೆ ಬಿಚ್ಚಿ ತುಂಬುವ ಕೆಲಸವನ್ನು ನಾನೇ ಒಂದು ಮಧ್ಯಾಹ್ನ ಮಾಡಿ ನೋಡಿದ ಮೇಲೆ ಚರ್ಚೆಗೆ ಏನೂ ಉಳಿಯಲಿಲ್ಲ. ಹೋಂಸ್ಟೇ ಮಾಲೀಕರ ಗುಂಪುಗಳಲ್ಲಿ ಮೆಷಿನ್ ಬಗ್ಗೆ ನಡೆಯುವ ಉದ್ದುದ್ದ ಚರ್ಚೆಗಳಲ್ಲಿ ಈ ಸೊಂಟದ ವಿಷಯ ಒಮ್ಮೆಯೂ ಬಂದದ್ದನ್ನು ನಾನು ಕಾಣೆ. ಅಂಗಡಿಗೆ ಅಕ್ಕನನ್ನೂ ಕರೆದುಕೊಂಡು ಹೋದೆವು. ಮೊಬೈಲಿನಿಂದ ನಡೆಸಬಹುದಾದ, ಹದಿನಾರು ಬಗೆಯ ಒಗೆತವಿರುವ ಮಾದರಿಯನ್ನು ಅಂಗಡಿಯ ಹುಡುಗ ಉತ್ಸಾಹದಿಂದ ವಿವರಿಸುತ್ತಿದ್ದಾಗ ಅವರು ಕೇಳಿದ್ದು, ಬಾಗಿಲು ಎಷ್ಟು ಎತ್ತರದಲ್ಲಿದೆ, ಕರೆಂಟು ಹೋದರೆ ಒಳಗಿನ ಬಟ್ಟೆ ತೆಗೆಯುವುದು ಹೇಗೆ ಎಂಬ ಎರಡೇ ಪ್ರಶ್ನೆ. ಎರಡೂ ಅಪ್ಪಟ ಪ್ರಶ್ನೆಗಳು.

ಕೊನೆಗೆ ನಿಂತದ್ದು ಎಂಟು ಕಿಲೋದ, 1,400 ಸುತ್ತಿನ, ಗುಂಡಿ ತಿರುಗಿಸಿ ಒತ್ತಿದರೆ ನಡೆಯುವ, ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಸಾದಾ ಫ್ರಂಟ್ ಲೋಡ್ ಮೆಷಿನ್ನಿನ ಮೇಲೆ. ಟಾಪ್ ಲೋಡಿಗೆ ಬೇಕಾಗುವ ನೀರಿನ ಅರ್ಧದಷ್ಟರಲ್ಲಿ ಅದರ ಕೆಲಸ ಮುಗಿಯುತ್ತದೆ, ಬೆಡ್‌ಶೀಟು ಹುರಿಗಟ್ಟುವುದೂ ಕಡಿಮೆ. ಆದರೆ ಇದು ಮನೆಯಿಂದ ಕೆಲವನ್ನು ಕೇಳುತ್ತದೆ. ನೀರಿನ ಒತ್ತಡ ಅವುಗಳಲ್ಲಿ ಮೊದಲನೆಯದು. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಇರುತ್ತದೆ. ಹೆಂಚಿನ ಮಾಡಿನ ಪಕ್ಕದಲ್ಲಿ ಎರಡು ಮೀಟರ್ ಕಟ್ಟೆ ಕಟ್ಟಿ ಟ್ಯಾಂಕ್ ಇಟ್ಟವರಿಗೆ ಸಿಗುವುದು ಅದರ ಐದನೇ ಒಂದು ಭಾಗ. ಅಷ್ಟಕ್ಕೆ ಬಹಳಷ್ಟು ಫ್ರಂಟ್ ಲೋಡ್‌ಗಳು ನೀರು ಬರುತ್ತಿಲ್ಲವೆಂದು ಕೆಂಪು ದೀಪ ತೋರಿಸಿ ಕೂರುತ್ತವೆ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ನಮ್ಮಂಥವರಿಗೆ ಒತ್ತಡದ ಚಿಂತೆಯಿಲ್ಲ, ಬದಲಿಗೆ ಮಳೆಗಾಲದ ಕೆಸರು ಮತ್ತು ತರಗೆಲೆಯ ಚೂರಿನ ಚಿಂತೆ. ಮೆಷಿನ್ನಿಗೆ ನೀರು ಹೋಗುವ ಪೈಪಿನ ಬಾಯಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಜಾಲರಿ ಇರುತ್ತದೆ, ಇಕ್ಕಳದಿಂದ ಹಿಡಿದೆಳೆದರೆ ಕಳಚಿ ಬರುತ್ತದೆ. ಅದು ಕಟ್ಟಿಕೊಂಡರೆ ಮೆಷಿನ್ ಕೆಟ್ಟಿತೆಂದೇ ಎಲ್ಲರೂ ತಿಳಿಯುತ್ತಾರೆ. ಗೋಡೆಯ ನಲ್ಲಿಗೇ ಬೇರೊಂದು ಫಿಲ್ಟರ್ ಹಾಕಿಸಿಕೊಂಡರೆ ಈ ತಾಪತ್ರಯ ಅರ್ಧ ಕಡಿಮೆಯಾಗುತ್ತದೆ. ನಮ್ಮ ಮೆದು ನೀರಿನ ಒಂದು ಭಾಗ್ಯವೆಂದರೆ, ಬಯಲುಸೀಮೆಯ ಬೋರ್‌ವೆಲ್ ನೀರಿನಂತೆ ಹೀಟರಿಗೆ ಸುಣ್ಣದ ಹೊಪ್ಪಳೆ ಕಟ್ಟುವುದಿಲ್ಲ. ವೋಲ್ಟೇಜ್ ವಿಷಯದಲ್ಲಿ ಅಂಥ ಭಾಗ್ಯವಿಲ್ಲ. ಮಳೆಗಾಲದಲ್ಲಿ ಸಂಜೆ ಬಲ್ಬು ಕೆಂಪಗೆ ಉರಿಯುವ ಮನೆಯಲ್ಲಿ ಸ್ಟೆಬಿಲೈಜರ್ ಇಲ್ಲದೆ ಇಂಥ ಮೆಷಿನ್ ಇಡುವುದು, ಅದರ ಎಲೆಕ್ಟ್ರಾನಿಕ್ ಬೋರ್ಡನ್ನು ತಿಳಿದೂ ತಿಳಿದೂ ಸುಟ್ಟಂತೆ.

ಅಳವಡಿಸಲು ಬಂದವರು ಹೊರಡುವ ಮುನ್ನ ಹಿಂಬದಿಯ ಉದ್ದನೆಯ ಬೋಲ್ಟುಗಳನ್ನು ತೆಗೆದಿದ್ದಾರೆಯೇ ಎಂದು ನೀವೇ ಬಗ್ಗಿ ನೋಡಿ, ಎಣಿಸಿ, ಕೈಗೆ ತೆಗೆದುಕೊಳ್ಳಿ. ಸಾಗಾಟದಲ್ಲಿ ಡ್ರಮ್ ಅಲುಗಾಡದಿರಲೆಂದು ಹಾಕಿರುವ ಅವುಗಳನ್ನು ಬಿಟ್ಟು ಓಡಿಸಿದರೆ ಮೆಷಿನ್ ನೆಲದ ಮೇಲೆ ನಡೆಯತೊಡಗುತ್ತದೆ. ಇವನ್ನು ಎಸೆಯಬಾರದು, ಮುಂದೆ ಮನೆ ಬದಲಿಸುವಾಗ ಮತ್ತೆ ಬೇಕು.

ಬಿಸಿನೀರಿನ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಳೆಯ ಕಾಲದ್ದು ಅನ್ನಿಸಬಹುದು. ಫ್ರಂಟ್ ಲೋಡಿನ ಒಳಗಿನ ಹೀಟರು ಸುಮಾರು ಎರಡು ಸಾವಿರ ವ್ಯಾಟಿನದು. ಹದಿನೈದು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿಯಿಂದ ಅರವತ್ತಕ್ಕೆ ಏರಿಸಲು 0.7 ಯೂನಿಟ್ ಬೇಕು. ಇದು ದೊಡ್ಡ ಖರ್ಚೇನೂ ಅಲ್ಲ, ಆದರೆ ದುರ್ಬಲ ಕರೆಂಟಿನಲ್ಲಿ ದೊಡ್ಡ ಭಾರ. ಬಚ್ಚಲ ಹಂಡೆಯಲ್ಲಿ ಬೆಳಗಿನಿಂದ ಕಾಫಿ ಗಿಡ ಸವರಿದಾಗ ಸಿಕ್ಕ ಸೌದೆ ಉರಿಯುವಾಗ, ಟವೆಲ್ಲುಗಳನ್ನು ಒಂದು ದೊಡ್ಡ ಬಕೆಟ್ಟಿನಲ್ಲಿ ಅದೇ ನೀರಿಗೆ ನೆನೆಹಾಕಿ ಮೆಷಿನ್ನಿಗೆ ತಣ್ಣೀರಿನಲ್ಲೇ ಕೊಡುವುದು ನನಗೆ ಸರಿ ಅನ್ನಿಸುತ್ತದೆ. ಬೆಡ್‌ಶೀಟುಗಳನ್ನು ಮಾತ್ರ ಹಾಗೆ ಕಣ್ಣುಮುಚ್ಚಿ ಬಿಸಿನೀರಿಗೆ ಹಾಕುವಂತಿಲ್ಲ, ಅದಕ್ಕೆ ಕಾರಣ ಇಂಬಳ, ಅಂದರೆ ಕಾಡಿನ ಜಿಗಣೆ. ಎತ್ತಿನಭುಜಕ್ಕೋ ಬಲ್ಲಾಳರಾಯನ ದುರ್ಗಕ್ಕೋ ಹತ್ತಿ ಬಂದ ಅತಿಥಿಗಳು ಊಟ ಮಾಡಿ ಮಲಗಿದ ಮೇಲೂ, ಇಂಬಳ ಕಚ್ಚಿದ ಜಾಗದಿಂದ ರಕ್ತ ಒಸರುತ್ತಲೇ ಇರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ಬೆಳಿಗ್ಗೆ ಹಾಸಿಗೆಯ ಕಾಲಬದಿಯಲ್ಲಿ ನಾಣ್ಯದಗಲದ ಕಲೆಗಳು. ಬಿಸಿನೀರು ತಗುಲಿದರೆ ರಕ್ತದ ಪ್ರೋಟೀನು ನೂಲಿಗೆ ಕಚ್ಚಿ ಕೂರುತ್ತದೆ, ಮತ್ತೆ ಯಾವ ಪುಡಿಗೂ ಜಗ್ಗುವುದಿಲ್ಲ. ಮೊದಲು ತಣ್ಣೀರು, ಬಾರ್ ಸೋಪಿನಿಂದ ಒಂದು ತಿಕ್ಕು, ಆಮೇಲೆ ಮೆಷಿನ್. ಎಂಥ ಬೆಲೆಯ ಯಂತ್ರ ಬಂದರೂ ಈ ಕೆಲಸ ಕೈಯದೇ.

ವಾರಂಟಿ ಕಾರ್ಡನ್ನು ಹಣ ಕೊಡುವ ಮುನ್ನ ಓದಬೇಕು. ಮನೆ ಬಳಕೆಯ ಮೆಷಿನ್ನುಗಳ ವಾರಂಟಿ ಸಾಮಾನ್ಯವಾಗಿ ವಾಣಿಜ್ಯ ಬಳಕೆಗೆ ಅನ್ವಯಿಸುವುದಿಲ್ಲ, ಅಥವಾ ಅವಧಿ ಮೊಟಕಾಗುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಹತ್ತು ವರ್ಷ’ ಮೋಟಾರಿಗೆ ಮಾತ್ರ. ನಮ್ಮ ಕಡೆ ಹೆಚ್ಚಾಗಿ ಸಾಯುವುದು ಬೋರ್ಡು ಮತ್ತು ಬೇರಿಂಗು. ನಾಲ್ಕು ಕೋಣೆಯ ಹೋಂಸ್ಟೇ ವಾಣಿಜ್ಯವೇ ಎಂದು ಕೇಳಿದರೆ ಕಂಪನಿಯವರು ಹೌದೆನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರ ವ್ಯಾಖ್ಯೆಯಿಂದ ಹೊರಗಿಟ್ಟರೂ, ಸ್ವಂತ ದುಡಿಮೆಯಿಂದ ಜೀವನೋಪಾಯ ಗಳಿಸಲೆಂದೇ ಕೊಂಡು ಬಳಸುವ ಸರಕನ್ನು ವಾಣಿಜ್ಯವೆಂದು ಎಣಿಸುವುದಿಲ್ಲ. ಮನೆಮಂದಿಯೇ ನಡೆಸುವ ಸಣ್ಣ ಹೋಂಸ್ಟೇಗಳಿಗೆ ಇದು ನೆನಪಿಡಬೇಕಾದ ಅಂಶ. ಆದರೆ ಗ್ರಾಹಕ ಆಯೋಗದ ಬಾಗಿಲು ತಟ್ಟುವುದಕ್ಕಿಂತ, ಬಳಕೆ ಹೋಂಸ್ಟೇಗೆ ಎಂದು ಮೊದಲೇ ಹೇಳಿ, ವಾರಂಟಿ ಉಂಟೋ ಇಲ್ಲವೋ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಸುಲಭ. ಬರೆದುಕೊಡಲು ಒಪ್ಪದ ಅಂಗಡಿಯಿಂದ ನಾವು ಎದ್ದು ಬಂದೆವು.

ರಿಪೇರಿಯ ವಿಷಯದಲ್ಲಿ ಮೂರು ಮಾತು ಕೇಳಿ: ತಾಲ್ಲೂಕಿನಲ್ಲಿ ಮೆಕ್ಯಾನಿಕ್ ಇದ್ದಾನೆಯೇ ಅಥವಾ ಜಿಲ್ಲಾ ಕೇಂದ್ರದಿಂದ ಬರಬೇಕೇ, ಡ್ರಮ್ಮಿನ ಹೊರಕವಚ ಬಿಚ್ಚಲು ಬರುತ್ತದೆಯೇ, ಬೋರ್ಡಿನ ಬೆಲೆ ಎಷ್ಟು. ಎರಡನೆಯದು ಮುಖ್ಯ. ಹಲವು ಮಾದರಿಗಳಲ್ಲಿ ಕವಚದ ಎರಡು ಹೋಳುಗಳನ್ನು ಅಂಟಿಸಿಯೇ ಬಿಟ್ಟಿರುವುದರಿಂದ ಕೆಲವು ನೂರು ರೂಪಾಯಿಯ ಬೇರಿಂಗು ಹೋದರೂ ಇಡೀ ಡ್ರಮ್ ಬದಲಿಸಬೇಕಾಗುತ್ತದೆ, ಆ ಖರ್ಚು ಹೊಸ ಮೆಷಿನ್ನಿನತ್ತ ನಿಮ್ಮನ್ನು ನೂಕುತ್ತದೆ. ಸ್ಕ್ರೂ ಬಿಗಿದ ಕವಚದ ಮಾದರಿಯನ್ನು ಹುಡುಕಿ ಕೊಳ್ಳಲು ಎರಡು ಅಂಗಡಿ ಹೆಚ್ಚು ಸುತ್ತಬೇಕಾದರೆ ಸುತ್ತಬಹುದು.

ಒಗೆದು ಒಣಗಿಸಿಯೂ ಕೊಡುವ ಜೋಡಿ ಯಂತ್ರಗಳನ್ನು ನಾನು ಬೇಡವೆಂದೆ. ಎಂಟು ಕಿಲೋ ಒಗೆದರೂ ಅವು ಒಂದು ಸಲಕ್ಕೆ ಒಣಗಿಸುವುದು ಐದು ಕಿಲೋ ಆಸುಪಾಸು. ಒಂದು ಹೊರೆ ಒಣಗುವವರೆಗೆ ಇನ್ನೊಂದನ್ನು ಒಗೆಯುವಂತೆಯೂ ಇಲ್ಲ. ಅದರ ಬದಲು ನಮಗೆ ಒದಗಿದ್ದು ಕಾಫಿ ಒಣಗಿಸಲು ಕಣದ ಮೇಲೆ ಕಟ್ಟಿದ ಪಾಲಿಹೌಸ್. ಕಾಫಿ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿವರೆಗೆ, ಹೀಗಾಗಿ ಮಳೆಗಾಲವಿಡೀ ಅದು ಖಾಲಿ. ಮಳೆ ಹಿಡಿದ ದಿನ ಒಳಗಿನ ಗಾಳಿಯೂ ತೇವವೇ ಆದ್ದರಿಂದ ಬರೀ ಹರವಿದರೆ ಸಾಲದು. ಎರಡು ಬದಿಯ ಪರದೆ ಎತ್ತಿ ಒಂದು ಫ್ಯಾನು ಓಡಿಸಿದಾಗ, ಬಿಗಿಯಾಗಿ ಹಿಂಡಿದ ಶೀಟು ಒಂದು ಹಗಲಿನಲ್ಲಿ ಮಡಚುವ ಹದಕ್ಕೆ ಬರುತ್ತದೆ, ಇಸ್ತ್ರಿ ಉಳಿದದ್ದನ್ನು ಮುಗಿಸುತ್ತದೆ. ಟವೆಲ್ಲುಗಳು ಹಂಡೆಯ ಮೇಲಿನ ಅಟ್ಟಕ್ಕೆ, ಆದರೆ ಹೊಗೆ ಮಾಡಿನಲ್ಲಿ ಸರಿಯಾಗಿ ಹೊರಹೋಗುವ ಮನೆಗಳಲ್ಲಿ ಮಾತ್ರ. ಇಲ್ಲದಿದ್ದರೆ ಅತಿಥಿಗಳು ಸ್ನಾನ ಮುಗಿಸಿ ಒಲೆಯ ವಾಸನೆಯಲ್ಲಿ ಮೈ ಒರೆಸಿಕೊಳ್ಳಬೇಕಾಗುತ್ತದೆ.

ಹಳೆಯ ಮೆಷಿನ್ನನ್ನು ಎಕ್ಸ್‌ಚೇಂಜ್‌ಗೆ ಕೊಡಲಿಲ್ಲ. ಅಂಗಡಿಯವರು ಹೇಳಿದ ಬೆಲೆ ಅದರ ಸ್ಪಿನ್ ಮೋಟಾರಿನ ಬೆಲೆಗೂ ಸಮನಾಗಿರಲಿಲ್ಲ. ಒಗೆಯುವ ಬದಿಯ ಗೇರ್ ಬಾಕ್ಸ್ ಸವೆದಿದ್ದರೂ ಹಿಂಡುವ ಬದಿ ಗಟ್ಟಿಯಾಗಿದೆ. ಕರೆಂಟು ಕೈಕೊಟ್ಟು ಕೈಯಲ್ಲಿ ಒಗೆದ ದಿನಗಳಿಗೆ, ಅತಿಥಿಗಳ ಕೆಸರು ಸಾಕ್ಸು ಜೀನ್ಸುಗಳನ್ನು ಜಾಲಿಸಿ ಹಿಂಡಿಕೊಡುವುದಕ್ಕೆ ಅದನ್ನು ಬಚ್ಚಲ ಜಗುಲಿಯಲ್ಲೇ ಇರಿಸಿದ್ದೇವೆ. ಅದೂ ನಿಂತ ದಿನ ಊರಿಗೆ ಬರುವ ಗುಜರಿಯವರಿಗೆ ಕೊಡುವ ಯೋಚನೆ ನಮಗಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ವಾಷಿಂಗ್ ಮೆಷಿನ್ನೂ ಬರುತ್ತದೆ, ನೋಂದಾಯಿತ ಮರುಬಳಕೆದಾರರ ಮೂಲಕ ಅದರ ವಿಲೇವಾರಿಗೆ ತಯಾರಕರೇ ಹೊಣೆ. ಹೊಸ ಮೆಷಿನ್ ಮಾರಿದ ಅಂಗಡಿಯವರಿಂದ, ಮುಂದೆ ಹಳೆಯದನ್ನು ಎಲ್ಲಿಗೆ ಒಪ್ಪಿಸಬೇಕೆಂಬ ವಿಳಾಸವನ್ನು ವಾರಂಟಿಯ ಮಾತು ಬರೆಸಿಕೊಂಡ ಅದೇ ಬಿಲ್ಲಿನ ಬೆನ್ನಿಗೆ ಬರೆಸಿಟ್ಟುಕೊಂಡಿದ್ದೇನೆ.