ಸತ್ಯಾಂಶ: ಮಳೆಗಾಲ ಜೋರಾದರೆ ಬೇಸಿಗೆಗೆ ನೀರು ಗ್ಯಾರಂಟಿಯಾ?

"ಈ ಸಲ ಘಟ್ಟದಲ್ಲಿ ದಾಖಲೆ ಮಳೆ, ಮುಂದಿನ ಬೇಸಿಗೆಗೆ ಕರಾವಳಿಗೆ ನೀರಿನ ಚಿಂತೆ ಇಲ್ಲ." ಪ್ರತಿ ಮಳೆಗಾಲ ಮಂಗಳೂರಿನ ಗ್ರೂಪುಗಳಲ್ಲಿ ಈ ಮೆಸೇಜ್ ಸುತ್ತುತ್ತದೆ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹಾಗಿಲ್ಲ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಕೊಡಗಿನಲ್ಲಿ ಗುಡ್ಡ ಕುಸಿಯಿತು, ಶಿರಾಡಿ ಘಾಟಿ ಬಂದ್ ಆಯಿತು. ಅಷ್ಟು ಮಳೆ! ಆದರೂ 2019ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ನಲ್ಲಿ ನೀರಿಗೆ ರೇಷನ್ ಬಂತು. ನೇತ್ರಾವತಿ ಹೊಳೆ ಸೊರಗಿ, ಪ್ರವಾಸ ಮುಂದೂಡಿ ಎಂದು ಧರ್ಮಸ್ಥಳದಿಂದ ಭಕ್ತರಿಗೆ ಮನವಿ ಹೋಯಿತು.

ಘಟ್ಟದಿಂದ ಸಮುದ್ರಕ್ಕೆ ದೂರ ಕಡಿಮೆ, ಇಳಿಜಾರು ಜಾಸ್ತಿ. ಒಮ್ಮೆಲೇ ಸುರಿದ ನೀರು ಮಣ್ಣಿಗೆ ಇಳಿಯುವ ಮೊದಲೇ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಹೊಳೆ ಹರಿಯುವುದು ಶೋಲಾ ಕಾಡು (ಘಟ್ಟದ ಎತ್ತರದ ಕಣಿವೆಗಳ ದಟ್ಟ ಕಾಡು), ಹುಲ್ಲುಗಾವಲು ಹಿಡಿದಿಟ್ಟ ನೀರಿನಿಂದ. ಅಲ್ಲಿ ಗುಡ್ಡ ಅಗೆದು ರಸ್ತೆ, ರೆಸಾರ್ಟ್ ಮಾಡಿದಷ್ಟೂ ಇಂಗುವುದು ಕಡಿಮೆ.

ಅಡಿಕೆ ತೋಟದವರಿಗೆ ಎರಡೂ ಕಡೆ ಪೆಟ್ಟು. ಬಿಡದೆ ಮಳೆ ಬಂದರೆ ಕಾಯಿ ಕೊಳೆತು ಉದುರುವ ಕೊಳೆರೋಗ, ಅದಕ್ಕೆ ಹೊಡೆಯುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲೂ ಬಿಡುವಿಲ್ಲ. ಏಪ್ರಿಲ್‌ನಲ್ಲಿ ಬುಡಕ್ಕೆ ಬಿಡಲು ನೀರಿಲ್ಲ. ಹಿಂದಿನವರು ಮಳೆ ನಿಂತ ಮೇಲೆ ನೀರು ನಿಲ್ಲಿಸಿ ಇಂಗಿಸಲು ಹೊಳೆಗೆ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.