ಉಲ್ಟಾ ಮಾಡಿದ ಚೀಲ

ಕಳೆದ ಮಂಗಳವಾರ ನಮ್ಮ ಓಣಿಯ ಹುಡುಗಿಯೊಬ್ಬಳು ಶೇಂಗಾ ಹೋಳಿಗೆ ಕೊಡಲು ಮನೆಗೆ ಬಂದಳು. ಸ್ಟೀಲ್ ಡಬ್ಬಿ, ಅದಕ್ಕೊಂದು ಚೀಲ. ಚೀಲ ಕೈಗೆ ತಗೊಂಡಾಗ ಹೊಲಿಗೆಯ ಅಂಚೆಲ್ಲ ಹೊರಗೆ ಕಾಣುತ್ತಿತ್ತು.

"ಚೀಲ ಉಲ್ಟಾ ಐತಲ್ಲಮ್ಮಾ?" ಅಂದೆ.

"ಏನಿಲ್ಲಕ್ಕಾ, ಹಂಗೇ" ಅಂದಳು. ಮುಖ ಆ ಕಡೆ ತಿರುಗಿಸಿದಳು. ಚಾ ಕುಡಿದು ಹೋಗು ಅಂದರೂ ನಿಲ್ಲಲಿಲ್ಲ.

ಅವಳು ಹೋದ ಮೇಲೆ ಚೀಲದ ಒಳಗೆ ನೋಡಿದೆ. ನಮ್ಮ ಬಳ್ಳಾರಿಯ ಒಂದು ಸೂಪರ್ ಮಾರ್ಕೆಟ್ಟಿನ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಜನ ಸಾಲು ನಿಂತು ಸಾಮಾನು ತರುವ ಅಗ್ಗದ ಅಂಗಡಿ ಅದು. ಆ ಹೆಸರು ಯಾರ ಕಣ್ಣಿಗೂ ಬೀಳಬಾರದು ಅಂತ ಚೀಲ ತಿರುವಿ ತಂದಿದ್ದಳು.

ಯಾಕೆ ಅಂತ ನನಗೆ ಗೊತ್ತು. ಅವಳು ಯಾರಿಗೆ ಹೆದರಿ ಹಾಗೆ ಮಾಡಿದಳೋ ಆ ಗುಂಪಿನಲ್ಲಿ ಅವತ್ತು ನಾನೂ ಕೂತಿದ್ದೆ.

ವರಮಹಾಲಕ್ಷ್ಮಿ ಹಬ್ಬದ ಸಂಜೆ. ಓಣಿಯ ಹೆಂಗಸರೆಲ್ಲ ಒಬ್ಬರ ಮನೆಯಲ್ಲಿ ಸೇರಿದ್ದೆವು. ಈ ಹುಡುಗಿ ಬಾಳೆಹಣ್ಣು, ಒಣದ್ರಾಕ್ಷಿ, ಗೋಡಂಬಿ ತಂದಿದ್ದಳು. ಇದೇ ಚೀಲದಲ್ಲಿ. ಅಲ್ಲಿದ್ದ ಒಬ್ಬ ಹಿರಿಯರು ಹೆಸರು ಓದಿದರು. "ಅಲ್ಲಿಂದ ತಂದಿಯೇನಮ್ಮಾ? ನಾವು ಆ ಕಡೆ ಹೋಗಂಗಿಲ್ಲವ್ವ. ಎಲ್ಲಾ ಥರದ ಜನ ಬರ್ತಾರ ಅಲ್ಲಿ" ಅಂದರು. ಪಕ್ಕದಲ್ಲಿದ್ದವರು ಊರಿನ ಇನ್ನೊಂದು ದೊಡ್ಡ ಅಂಗಡಿಯ ಹೆಸರು ಹೇಳಿ, ಅಲ್ಲಿ ಎಷ್ಟು ನೀಟು, ಎಷ್ಟು ತಂಪು, ಗಲಾಟೆನೇ ಇಲ್ಲ ಅಂತ ಶುರು ಮಾಡಿದರು. ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಹುಡುಗಿ ಮಾತ್ರ ಚೀಲ ಸಣ್ಣದಾಗಿ ಮಡಚಿ ಸೆರಗಿನ ಕೆಳಗೆ ಇಟ್ಟುಕೊಂಡಳು.

ನಾನು ಅದನ್ನು ನೋಡಿದೆ. ನೋಡಿಯೂ ಏನೂ ಅನ್ನಲಿಲ್ಲ. ಹಬ್ಬದ ಮನೆ, ಹಿರಿಯರು, ಸುಮ್ನೆ ಯಾಕೆ ಮಾತು ಬೆಳೆಸೋದು ಅಂದುಕೊಂಡೆ. ಅದು ತಪ್ಪು. ಅವತ್ತು ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

"ಎಲ್ಲಾ ಥರದ ಜನ" ಅಂದರೆ ಯಾರು? ಮನೆಗೆಲಸಕ್ಕೆ ಬರುವವರು, ಗಾರೆ ಕೆಲಸದವರು, ಸಿರುಗುಪ್ಪ, ಕುರುಗೋಡು ಕಡೆಯಿಂದ ಟೆಂಪೋ ಹಿಡಿದು ಬರುವವರು, ಜೀನ್ಸ್ ಹೊಲಿಯುವವರು. ಒಬ್ಬೊಬ್ಬರನ್ನೇ ಹೆಸರಿಟ್ಟು ಬೈದರೆ ಎದುರಿಗಿದ್ದವರು ಜಗಳಕ್ಕೆ ಬರುತ್ತಾರೆ. "ಎಲ್ಲಾ ಥರದ ಜನ" ಅಂದುಬಿಟ್ಟರೆ ಯಾರೂ ಕೇಳುವುದಿಲ್ಲ. ಜಾತಿ, ದುಡ್ಡು, ಬಟ್ಟೆ, ಭಾಷೆ ಎಲ್ಲ ಆ ಒಂದೇ ಮಾತಲ್ಲಿ ಬಂದುಬಿಡುತ್ತದೆ.

ನಾನು ಕಿರಾಣಿ ಅಂಗಡಿಯವರ ಮಗಳು. ಕೌಲ್ ಬಜಾರಿನಲ್ಲಿ ಅಪ್ಪನ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಪೊಟ್ಟಣ ಕಟ್ಟುವುದು, ದಾರ ಸುತ್ತುವುದು ನನ್ನ ಕೆಲಸ. ಮಂದಿ ಚೀಟಿ ಬರೆದು ತರುತ್ತಿದ್ದರು. ಓದು ಬರದವರು ಬಾಯಲ್ಲಿ ಹೇಳುತ್ತಿದ್ದರು. ಅಪ್ಪನದು ಒಂದು ಪದ್ಧತಿ ಇತ್ತು, ಯಾರ ಚೀಟಿಯನ್ನೂ ಜೋರಾಗಿ ಓದುತ್ತಿರಲಿಲ್ಲ. ಒಬ್ಬರದು 10 ಕೆಜಿ ಸಕ್ಕರೆ ಇರಬಹುದು, ಪಕ್ಕದಲ್ಲಿ ನಿಂತವರದು 100 ಗ್ರಾಂ ಇರಬಹುದು. ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಾಗಬಾರದು. ಉದ್ರಿ ಪುಸ್ತಕವಂತೂ ಗಲ್ಲಾದ ಕೆಳಗೆ, ಬಟ್ಟೆ ಮುಚ್ಚಿಕೊಂಡು ಇರುತ್ತಿತ್ತು. ನಾನೊಮ್ಮೆ ಸಣ್ಣವಳಿದ್ದಾಗ ಒಬ್ಬ ಅಜ್ಜಿಗೆ ಎಲ್ಲರೆದುರು "ಅಜ್ಜಿ, ನಿಂದು ಬಾಕಿ ಐತಿ" ಅಂದುಬಿಟ್ಟೆ. ಅಪ್ಪ ಅವತ್ತು ರಾತ್ರಿ ನನ್ನನ್ನು ಕೂರಿಸಿಕೊಂಡು ಬೈದಷ್ಟು ಬೇರೆ ಯಾವತ್ತೂ ಬೈದಿಲ್ಲ.

ಚೀಟಿ ಕೊಟ್ಟು ಸಾಮಾನು ತೆಗೆಸುವುದು ಒಂದು ಕಾಲಕ್ಕೆ ಎಷ್ಟೋ ದೇಶಗಳಲ್ಲಿ ಇದ್ದ ಪದ್ಧತಿ. ನಾವೇ ಒಳಗೆ ಹೋಗಿ, ನಾವೇ ಬುಟ್ಟಿಗೆ ಹಾಕಿಕೊಂಡು, ಬಾಗಿಲ ಹತ್ತಿರ ದುಡ್ಡು ಕೊಡುವ ಅಂಗಡಿ ಅಮೆರಿಕದ ಮೆಂಫಿಸ್ ಊರಿನಲ್ಲಿ 1916ರಲ್ಲಿ ಶುರುವಾಯಿತು. ಪಿಗ್ಲಿ ವಿಗ್ಲಿ ಅಂತ ಅದರ ಹೆಸರು, ಕ್ಲಾರೆನ್ಸ್ ಸಾಂಡರ್ಸ್ ಅಂತ ಮಾಲೀಕ. ಅದರಿಂದ ಅನುಕೂಲ ಎಷ್ಟಾಯಿತೋ ಎಲ್ಲರಿಗೂ ಗೊತ್ತು. ನಮ್ಮ ಚೀಟಿ ಬಟಾಬಯಲಾದದ್ದೂ ಅದರಿಂದಲೇ. ಈಗ ಟ್ರಾಲಿ ತಳ್ಳಿಕೊಂಡು ಹೋದರೆ ಯಾವ ಬೇಳೆ, ಎಷ್ಟು ಎಣ್ಣೆ, ಯಾವ ಸೋಪು ಅಂತ ಹಿಂದೆ ನಿಂತವರೆಲ್ಲ ನೋಡುತ್ತಾರೆ. ಹೊರಗೆ ಬಂದರೆ ಚೀಲದ ಮೇಲೆ ಅಂಗಡಿ ಹೆಸರು. 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ ಮಾಡಿದ ಮೇಲೆ ಈ ಚೀಲಗಳು ಜಾಸ್ತಿಯಾದವು. ಒಳ್ಳೆಯದೇ ಆಯಿತು. ಆದರೆ ತೆಳು ಪ್ಲಾಸ್ಟಿಕ್ ಕವರ್ ಅವತ್ತೇ ಕಸಕ್ಕೆ ಹೋಗುತ್ತಿತ್ತು. ಈ ಚೀಲ ವರ್ಷಗಟ್ಟಲೆ ನಮ್ಮ ಜೊತೆ ಮದುವೆ ಮನೆಗೆ, ಆಸ್ಪತ್ರೆಗೆ, ಬಸ್ ಸ್ಟ್ಯಾಂಡಿಗೆ ಬರುತ್ತದೆ. ನಾವು ಎಲ್ಲಿ ಸಂತೆ ಮಾಡುತ್ತೇವೆ ಅಂತ ಎಲ್ಲರಿಗೂ ಹೇಳುತ್ತದೆ.

ಸರಿ, ಅಂಗಡಿ ಬೇರೆಯಾದರೆ ಒಳಗಿನ ಸಾಮಾನು ಬೇರೆಯಾಗುತ್ತದಾ? ಪ್ಯಾಕೆಟ್ ತಿರುಗಿಸಿ ಹಿಂದೆ ನೋಡಿ. ಆಹಾರದ ಪ್ಯಾಕೆಟ್ ಆದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ತಯಾರಿಸಿದವರ ಹೆಸರು, ಊರು ಇರುತ್ತದೆ. ಅದೇ ಬಿಸ್ಕತ್ತು, ಅದೇ ಎಣ್ಣೆ, ಅದೇ ಟೂತ್‌ಪೇಸ್ಟ್ ತಂಪು ಅಂಗಡಿಯಲ್ಲೂ ಸಾಲು ನಿಲ್ಲುವ ಅಂಗಡಿಯಲ್ಲೂ ಒಂದೇ. ಅಂಗಡಿಯವರು ತಮ್ಮದೇ ಬ್ರಾಂಡ್ ಹೆಸರು ಹಾಕಿದ ಸಾಮಾನಿನ ಮೇಲೂ ಓದಿ. ಎಷ್ಟೋ ಸಲ ಮಾರುವವರ ಹೆಸರು ಒಂದಿದ್ದರೆ ತಯಾರಿಸಿದವರ ಹೆಸರು ಇನ್ನೊಂದಿರುತ್ತದೆ.

ಅಕ್ಕಿಯ ವಿಷಯ ಬಳ್ಳಾರಿಯವರಿಗೆ ಹೇಳಿಕೊಡಬೇಕಾ? ತುಂಗಭದ್ರಾ ಕಾಲುವೆ ನೀರಲ್ಲಿ ಸಿರುಗುಪ್ಪ, ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಬೆಳೆದ ಸೋನಾ ಮಸೂರಿ. ಅಪ್ಪ ಒಂದೇ ಗಿರಣಿಯಿಂದ ಅಕ್ಕಿ ತರಿಸುತ್ತಿದ್ದರು. ಒಂದೇ ರಾಶಿ, ಮೂರು ಥರದ ಚೀಲ, ಮೂರು ಚಿತ್ರ. ಗಿರಾಕಿಗಳು "ಆ ಚೀಲದ್ದೇ ಬೇಕು, ಇದು ರುಚಿ ಇಲ್ಲ" ಅನ್ನುತ್ತಿದ್ದರು. ನಮ್ಮೂರಿನ ಜೀನ್ಸ್ ಕತೆಯೂ ಇದೇ ತಾನೆ? ಇಲ್ಲಿನ ಶೆಡ್ಡಿನಲ್ಲಿ ಹೊಲಿದ ಪ್ಯಾಂಟಿಗೆ ಬೇರೆ ಲೇಬಲ್ ಬಿದ್ದು, ಬೇರೆ ಊರಿನ ಗಾಜಿನ ಅಂಗಡಿಯಲ್ಲಿ ತೂಗು ಹಾಕಿದಾಗ ನಾವೇ ಹೋಗಿ ಜಾಸ್ತಿ ದುಡ್ಡು ಕೊಟ್ಟು ತರುತ್ತೇವೆ. ಲೇಬಲ್ ಅಂದರೆ ಏನು ಅಂತ ಬಳ್ಳಾರಿಯವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯಲಿಕ್ಕಿಲ್ಲ. ತಿಳಿದೂ ನಾವೇ ಹೀಗೆ ಮಾಡಿದರೆ ಹೇಗೆ?

ಈಗ ಆ ಹುಡುಗಿಯ ಲೆಕ್ಕಕ್ಕೆ ಬರುತ್ತೇನೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಅವಳೂ ಅವಳ ಗಂಡನೂ ಜೀನ್ಸ್ ಹೊಲಿಯುತ್ತಾರೆ. ಪೀಸ್ ಲೆಕ್ಕದ ಕೂಲಿ, ಶನಿವಾರ ಬಟವಾಡೆ. ಆರ್ಡರ್ ಇದ್ದ ವಾರ ಕೈ ತುಂಬ, ಇಲ್ಲದ ವಾರ ಅರ್ಧ. ಕರೆಂಟ್ ಹೋದರೆ ಅದೂ ಇಲ್ಲ. ನನ್ನ ಮನೆಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಹಾಗಾಗಿ ನಾನು ತಿಂಗಳ ಸಾಮಾನು ಒಂದೇ ಸಲ ತರುತ್ತೇನೆ. ಅವಳಿಗೆ ದುಡ್ಡು ವಾರಕ್ಕೆ ಬರುತ್ತದೆ, ಅದಕ್ಕೇ ಮನೆ ಹತ್ತಿರದ ಅಂಗಡಿಯಲ್ಲಿ ಪಾವು ಕೆಜಿ, ಅರ್ಧ ಕೆಜಿ ತರುತ್ತಾಳೆ. ಮೊನ್ನೆ ಇಬ್ಬರೂ ಕೂತು ಲೆಕ್ಕ ಮಾಡಿದೆವು. ನಾನು ತೊಗರಿಬೇಳೆ ಕೆಜಿಗೆ 128 ರೂಪಾಯಿ ಕೊಟ್ಟಿದ್ದೆ. ಅವಳು ಪಾವು ಕೆಜಿಗೆ 38 ಕೊಟ್ಟಿದ್ದಳು. ಕೆಜಿ ಲೆಕ್ಕಕ್ಕೆ 152 ಬಿತ್ತು. ಜಾಸ್ತಿ ಕೊಟ್ಟವಳು ಅವಳು, ನಾನಲ್ಲ. (ಶಾಂಪೂ ಒಂದು ಬೇರೆ. ಸ್ಯಾಶೆ ಎಷ್ಟೋ ಸಲ ಬಾಟಲಿಗಿಂತ ಅಗ್ಗವೇ ಬೀಳುತ್ತದೆ.)

ಅಕ್ಕಿಯಲ್ಲೂ ಹಾಗೇ. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ 25 ಕೆಜಿವರೆಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಾರುಕಟ್ಟೆಗೆ 26 ಕೆಜಿ ಚೀಲ ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ವಾ? ಒಂದೇ ಸಲ 26 ಕೆಜಿ ಕೊಳ್ಳುವ ನನಗೆ ಆ ತೆರಿಗೆ ಇಲ್ಲ. 5 ಕೆಜಿ ಪ್ಯಾಕೆಟ್ ಕೊಳ್ಳುವವಳು ತೆರಿಗೆ ಕೊಡಬೇಕು. ಇಲ್ಲವೇ ಬಿಡಿ ಅಕ್ಕಿ ತೂಗಿಸಿಕೊಂಡು ಬರಬೇಕು.

ಅಂದರೆ ಅಗ್ಗಕ್ಕೆ ಕೊಳ್ಳಬೇಕಾದರೂ ಮೊದಲು ಕೈಯಲ್ಲಿ ರೊಕ್ಕ ಇರಬೇಕು. ಹೋಗಿ ಬರಲು ಗಾಡಿಯೋ ಆಟೋ ದುಡ್ಡೋ ಬೇಕು. ತಂದದ್ದನ್ನು ಇಡಲು ಮನೆಯಲ್ಲಿ ಜಾಗ ಬೇಕು. ಹಬ್ಬದ ಮುಂಚೆ ಆ ಹುಡುಗಿ ಎರಡು ವಾರದ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ, ಅರ್ಧ ದಿನದ ಕೂಲಿ ಬಿಟ್ಟು, ಆ ಅಂಗಡಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಗೋಡಂಬಿ ತಂದಿದ್ದಳು. ನಮ್ಮೆಲ್ಲರಿಗೂ ಕೊಡಲಿಕ್ಕೆ. ನಾವು ನೋಡಿದ್ದು ಚೀಲದ ಮೇಲಿನ ಹೆಸರನ್ನು.

ಅಗ್ಗದ ಅಂಗಡಿ ಅಂದರೆ ಕಳಪೆ ಅಂಗಡಿ ಅಂತ ತಿಳಿಯುವವರು ಅಗ್ಗ ಹೇಗಾಗುತ್ತದೆ ಅಂತ ಒಂದು ಸಲ ಯೋಚಿಸಬೇಕು. ಉದಾಹರಣೆಗೆ, ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಡಿ ಮಾರ್ಟ್ ಅನ್ನುವ ಅಗ್ಗದ ಸೂಪರ್ ಮಾರ್ಕೆಟ್ ಶುರು ಮಾಡಿದರು. ಹೆಚ್ಚಾಗಿ ಸ್ವಂತ ಕಟ್ಟಡ, ಹಾಗಾಗಿ ಬಾಡಿಗೆ ಭಾರ ಕಡಿಮೆ. ಸಾಮಾನು ಕೊಟ್ಟ ಕಂಪನಿಗಳಿಗೆ ಬೇಗ ದುಡ್ಡು ಕೊಟ್ಟು ಕಡಿಮೆ ರೇಟಿಗೆ ಕೊಳ್ಳುತ್ತಾರೆ. ಅಲಂಕಾರಕ್ಕೆ ಖರ್ಚು ಮಾಡುವುದಿಲ್ಲ. ನಮ್ಮ ಅಪ್ಪನೂ ಹೋಲ್‌ಸೇಲ್ ಅಂಗಡಿಯಲ್ಲಿ ಇದನ್ನೇ ಮಾಡುತ್ತಿದ್ದರು. ರೊಕ್ಕ ಕೈಗಿಟ್ಟರೆ ಒಂದು ರೇಟು, ತಿಂಗಳು ಬಿಟ್ಟು ಕೊಡ್ತೀನಿ ಅಂದರೆ ಇನ್ನೊಂದು ರೇಟು. ಎಂಆರ್‌ಪಿ ಅನ್ನುವುದು ಅದಕ್ಕಿಂತ ಜಾಸ್ತಿ ತಗೋಬಾರದು ಅಂತ ಇರುವ ಗೆರೆ. ಕಡಿಮೆಗೆ ಮಾರಿದರೆ ಸಾಮಾನು ಕೆಟ್ಟದ್ದು ಅಂತ ಅರ್ಥವಲ್ಲ.

ಅಂಗಡಿ ಹೆಸರು ನೋಡಿ ಜನರನ್ನು ಅಳೆಯುವುದು ನಮ್ಮೂರಿನ ರೋಗ ಮಾತ್ರ ಅಂದುಕೊಂಡಿದ್ದೆ. ಅಕ್ಕನ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾನೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಚಿಕ್ಕಮ್ಮಾ, ಇಲ್ಲೂ ಹಂಗೇ" ಅಂದ. ಅಲ್ಲಿ ವೇಟ್‌ರೋಸ್ ಅಂದರೆ ದೊಡ್ಡವರ ಅಂಗಡಿ. ಆಲ್ಡಿ, ಲಿಡ್ಲ್ ಅಂತ ಜರ್ಮನಿಯಿಂದ ಬಂದ ಅಗ್ಗದ ಅಂಗಡಿಗಳಿವೆ. ಆಲ್ಡಿ ಆ ದೇಶದಲ್ಲಿ ಮೊದಲು ತೆರೆದದ್ದು ಇವನಿರುವ ಬರ್ಮಿಂಗ್‌ಹ್ಯಾಮಿನಲ್ಲೇ, 1990ರಲ್ಲಿ. ಲಿಡ್ಲ್ 1994ರಲ್ಲಿ ಬಂತು. ಅಲ್ಲಿಗೆ ಹೋಗುವುದನ್ನು ಎಷ್ಟೋ ಮಂದಿ ಹೇಳಿಕೊಳ್ಳುತ್ತಿರಲಿಲ್ಲವಂತೆ. ಇವನ ಜೊತೆ ಇರುವ ಹುಡುಗ ಆಲ್ಡಿಯಲ್ಲಿ ಕೊಂಡ ಬ್ರೆಡ್ಡನ್ನು ವೇಟ್‌ರೋಸ್ ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋಗುತ್ತಾನಂತೆ. ಅದನ್ನು ಕೇಳಿ ನನಗೆ ನಗು ಬರಲಿಲ್ಲ. ನಮ್ಮ ಹುಡುಗಿಯ ಸೆರಗಿನ ಕೆಳಗಿನ ಚೀಲ ನೆನಪಾಯಿತು.

ಇನ್ನೊಂದು ಕಡೆಯವರಿಗೂ ಒಂದು ಮಾತು. "ಸೂಪರ್ ಮಾರ್ಕೆಟ್ಟಿಗೆ ಹೋಗುವವರಿಂದಲೇ ಕಿರಾಣಿ ಅಂಗಡಿ ಮುಳುಗಿದವು" ಅಂತ ಬೈಯುವ ಪೋಸ್ಟುಗಳು ದಿನಾ ಬರುತ್ತವೆ. ನಾನು ಅಂಗಡಿಯವರ ಮಗಳು, ಆ ನೋವು ನನಗೆ ಗೊತ್ತು. ಓಣಿಯ ಅಂಗಡಿ ಉಳಿಯಬೇಕು. ಉದ್ರಿ ಕೊಡುವವರು ಅವರೇ, ರಾತ್ರಿ ಬಾಗಿಲು ಬಡಿದರೆ ಜ್ವರದ ಮಗುವಿಗೆ ಬ್ರೆಡ್ಡು ಕೊಡುವವರೂ ಅವರೇ. ಆದರೆ ಬೇಳೆಯಲ್ಲಿ 24 ರೂಪಾಯಿ ಉಳಿಸಲು ಸಾಲು ನಿಂತ ಹೆಂಗಸಿನ ಮೇಲೆ ಆ ಪಾಪ ಹೊರಿಸಬೇಡಿ. ಅವಳ ಮನೆಯಲ್ಲಿ ಆ 24 ರೂಪಾಯಿಗೆ ಹಾಲು ಬರುತ್ತದೆ.

"ಸೊಸೈಟಿ ಅಕ್ಕಿ" ಅಂತ ಮೂಗು ಮುರಿಯುವುದೂ ಇದೇ ಜಾತಿಯದು. 2013ರ ಜುಲೈ 10ರಂದು ಅನ್ನಭಾಗ್ಯ ಶುರುವಾದ ಮೇಲೆ ಎಷ್ಟು ಮನೆಗಳಲ್ಲಿ ಎರಡು ಹೊತ್ತು ಅನ್ನ ಬೆಂದಿತು ಅಂತ ಉದ್ರಿ ಪುಸ್ತಕ ಬರೆದ ಅಪ್ಪನಿಗೆ ಗೊತ್ತಿತ್ತು. ಆ ವರ್ಷ ಪುಸ್ತಕದಲ್ಲಿ ಅಕ್ಕಿಯ ಬಾಕಿ ಕಡಿಮೆಯಾಯಿತು ಅಂತ ಅಪ್ಪ ಸಂತೋಷದಿಂದ ಹೇಳಿದ್ದರು. ಅವರ ವ್ಯಾಪಾರ ಕಡಿಮೆಯಾಗಿತ್ತು, ಆದರೂ.

ನನಗೆ ತಂಪು ಅಂಗಡಿಯ ಮೇಲೆ ಸಿಟ್ಟಿಲ್ಲ. ವಯಸ್ಸಾದವರಿಗೆ, ಮಂಡಿ ನೋವಿನವರಿಗೆ, ಗದ್ದಲ ಆಗದವರಿಗೆ ಅದು ಬೇಕು. ಹೋಗಲಿ, ಆರಾಮಾಗಿ ಕೊಳ್ಳಲಿ. ಹಬ್ಬದ ದಿನ ಹಾಗೆ ಮಾತಾಡಿದ ಹಿರಿಯರನ್ನೂ ನಾನು ಬೈಯುತ್ತಿಲ್ಲ. ಮೊನ್ನೆ ಅವರ ಮನೆಗೆ ಹೋಗಿ ಉಲ್ಟಾ ಚೀಲದ ಕತೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನೆ ಕೂತರು. ಆಮೇಲೆ "ನಾ ಹಂಗಂದೆನಾ?" ಅಂತ ಕೇಳಿದರು. ಅವರಿಗೆ ಅದು ನೆನಪೇ ಇರಲಿಲ್ಲ.

ಆ ಚೀಲ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಡಬ್ಬಿ ತೊಳೆದು ಇಟ್ಟಿದ್ದೇನೆ. ಕೊಟ್ಟ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಅಮ್ಮ ಹೇಳುತ್ತಿದ್ದರು. ಗುರೆಳ್ಳು ಚಟ್ನಿಪುಡಿ ಕುಟ್ಟಿದ್ದೇನೆ, ಅದನ್ನು ತುಂಬಿಸಿದೆ. ಚೀಲ ಸರಿಯಾಗಿ ತಿರುಗಿಸಿ, ಹೆಸರು ಹೊರಗೆ ಮಾಡಿ, ಡಬ್ಬಿ ಅದರಲ್ಲಿಟ್ಟಿದ್ದೇನೆ. ಇವತ್ತು ಶನಿವಾರ, ಅವಳ ಬಟವಾಡೆ ದಿನ, ಬರುವುದು ತಡವಾಗುತ್ತದೆ. ಸಂಜೆ ಏಳಕ್ಕೆ ಓಣಿಯ ಕಟ್ಟೆ ಮೇಲೆ ಎಲ್ಲರೂ ಕೂತಿರುತ್ತಾರೆ. ಅವರ ಮುಂದೆಯೇ ಚೀಲ ಹಿಡಿದುಕೊಂಡು ಅವಳ ಮನೆಗೆ ಹೋಗುತ್ತೇನೆ.